ಮುಚುಕುಂದನನ್ನು ಎಬ್ಬಿಸುವವರು ಯಾರು?

ಪ್ರಶ್ನೆ: ಅಮೆರಿಕದಲ್ಲಿ ಸತ್ತವರ ದೇಹವನ್ನು ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟು, ಮುಂದೊಂದು ದಿನ ಬದುಕಿಸಬಹುದೆಂದು ಕಾಯುತ್ತಾರಂತೆ. ಬದುಕಿಸುವ ವಿದ್ಯೆ ಸಿದ್ಧಿಸಿತು ಎಂದೇ ಇಟ್ಟುಕೊಳ್ಳೋಣ. ಆ ಹೊತ್ತಿಗೆ ಭೂಮಿಯ ಮೇಲೆ ಇರುವವರು ನಮಗಿಂತ ಸಾವಿರ ಪಾಲು ಬುದ್ಧಿವಂತರು. ಮನುಷ್ಯರೋ ಯಂತ್ರಗಳೋ ಹೇಳಲಾಗದು. ಅಂಥವರಿಗೆ ನಮ್ಮ ಕಾಲದ ದಡ್ಡರನ್ನು ಎಬ್ಬಿಸಿ ಕೂರಿಸಿಕೊಳ್ಳುವ ದರ್ದೇನು? ನೀವಾಗಿದ್ದರೆ ಹೆಸರು ಕೊಡುತ್ತಿದ್ದಿರಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ವಿಷಯ ಬಂದಾಗ ಹೆಚ್ಚಿನವರು ‘ಅದು ಆಗುತ್ತದೆಯೇ?’ ಎಂದು ಕೇಳುತ್ತಾರೆ. ನೀವು ‘ಆದರೂ ಮಾಡುತ್ತಾರೆಯೇ?’ ಎಂದು ಕೇಳಿದ್ದೀರಿ. ಇದು ಹೆಚ್ಚು ಕಷ್ಟದ ಪ್ರಶ್ನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕುತೂಹಲಕ್ಕಾಗಿ ಎಬ್ಬಿಸಲಾರರು. ಕರುಣೆಯಿಂದ ಎಬ್ಬಿಸಿದರೂ ಎಬ್ಬಿಸಬಹುದು, ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಎಬ್ಬಿಸಿದರೆ ಋಣಕ್ಕಾಗಿ ಎಬ್ಬಿಸುತ್ತಾರೆ. ಯಾರ ಋಣ, ಅದು ಅಷ್ಟು ದೂರ ಹೇಗೆ ಸಾಗೀತು ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ವಿದ್ಯೆ ಸಿದ್ಧಿಸಿತೆಂದು ನೀವೇ ಒಪ್ಪಿಕೊಂಡಿರುವುದರಿಂದ ಆ ಭಾಗವನ್ನು ಬೇಗ ಮುಗಿಸೋಣ. ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ನಮ್ಮ ಹೈನುಗಾರರಿಗೆ ಇದು ಹೊಸದಲ್ಲ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬರುವವರ ಕ್ಯಾನಿನಲ್ಲಿ ವೀರ್ಯದ ಕಡ್ಡಿಗಳು ಮುಳುಗಿರುವುದು ಇದರಲ್ಲೇ. ಹೀಗೆ ಕಾಪಿಟ್ಟ ಮನುಷ್ಯ ಭ್ರೂಣವೊಂದು ಮೊದಲ ಬಾರಿಗೆ ಮಗುವಾಗಿ ಹುಟ್ಟಿದ್ದು 1984ರಲ್ಲಿ, ಆಸ್ಟ್ರೇಲಿಯದಲ್ಲಿ. ಈಗ ಅದು ಬೆಂಗಳೂರಿನ ಐವಿಎಫ್ ಕೇಂದ್ರಗಳ ನಿತ್ಯದ ಕೆಲಸ. 2023ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡವನ್ನು 100 ದಿನಗಳವರೆಗೆ ಈ ಬಗೆಯ ಶೈತ್ಯದಲ್ಲಿಟ್ಟು, ಮತ್ತೆ ಬೆಚ್ಚಗಾಗಿಸಿ, ಬೇರೆ ಇಲಿಗಳಿಗೆ ಜೋಡಿಸಿ ಕೆಲಸ ಮಾಡುವಂತೆ ಮಾಡಿದರು. ಸದ್ಯಕ್ಕೆ ದಾರಿ ಹೆಚ್ಚುಕಮ್ಮಿ ಇಲ್ಲಿಗೇ ನಿಂತಿದೆ. ಇಡೀ ಸಸ್ತನಿಯೊಂದನ್ನು ಈ ಶೈತ್ಯದಿಂದ ಎಬ್ಬಿಸಿದವರು ಯಾರೂ ಇಲ್ಲ. ಮಂಜಿನ ಹರಳು ಜೀವಕೋಶಗಳನ್ನು ಹರಿಯದಿರಲೆಂದು ರಕ್ತವನ್ನು ತೆಗೆದು ರಾಸಾಯನಿಕ ದ್ರಾವಣ ತುಂಬುತ್ತಾರೆ. ಆಗ ದೇಹ ಮಂಜುಗಡ್ಡೆಯಾಗದೆ ಗಾಜಿನ ಸ್ಥಿತಿಗೆ ಬರುತ್ತದೆ. ಆದರೆ ಆ ದ್ರಾವಣ ಜೀವಕೋಶಕ್ಕೆ ವಿಷ. ಆ ಗಾಜು ಅಲ್ಲಲ್ಲಿ ಸೀಳುತ್ತದೆ. ವೈದ್ಯರು ಸಾವನ್ನು ಬರೆದುಕೊಟ್ಟ ಮೇಲಷ್ಟೇ ಈ ಕೆಲಸ ಶುರುವಾಗುವುದರಿಂದ, ಮೂಲ ಕಾಯಿಲೆಯ ಜೊತೆಗೆ ಸಾವಿನ ಹಾನಿಯನ್ನೂ ಮುಂದಿನವರು ಸರಿಪಡಿಸಬೇಕು.

ಹೀಗೆ ಇಟ್ಟಿರುವುದು ಜಗತ್ತಿನಲ್ಲಿ ಕೆಲವು ನೂರು ಮಂದಿಯನ್ನು ಮಾತ್ರ. ಹೆಚ್ಚಿನವರು ಎರಡು ಕಡೆ ಇದ್ದಾರೆ: ಅರಿಜೋನದ ಸ್ಕಾಟ್ಸ್‌ಡೇಲ್‌ನಲ್ಲಿರುವ ಆಲ್ಕೋರ್ ಮತ್ತು ಮಿಷಿಗನ್ ರಾಜ್ಯದ ಕ್ರಯಾನಿಕ್ಸ್ ಇನ್‌ಸ್ಟಿಟ್ಯೂಟ್. ಮಿಷಿಗನ್ನಿನಲ್ಲಿ 28,000 ಡಾಲರಿಗೆ ಕೆಲಸವಾಗುತ್ತದೆ. ಆಲ್ಕೋರ್‌ನಲ್ಲಿ ಇಡೀ ದೇಹಕ್ಕೆ 2 ಲಕ್ಷ ಡಾಲರಿಗೂ ಮೇಲೆ. ತಲೆ ಮಾತ್ರ ಸಾಕು ಎನ್ನುವವರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ. ಬಹುಪಾಲು ಜನ ಜೀವವಿಮೆಯ ಮೂಲಕ ಈ ದುಡ್ಡು ಹೊಂದಿಸುತ್ತಾರೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಒಂದು ತಮಾಷೆ ಕೇಳಿ. ಈ ಇಡೀ ವ್ಯವಹಾರ ಹುಟ್ಟಿದ್ದೇ ನಿಮ್ಮ ಪ್ರಶ್ನೆಯಿಂದ. 1931ರ ಜುಲೈಯಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಅಮೆರಿಕದ ಅಗ್ಗದ ಪತ್ರಿಕೆಯಲ್ಲಿ ನೀಲ್ ಆರ್. ಜೋನ್ಸ್ ಬರೆದ ಕಥೆಯೊಂದು ಅಚ್ಚಾಯಿತು. ಅದರಲ್ಲಿ ಜೇಮ್ಸನ್ ಎಂಬ ಪ್ರೊಫೆಸರ್ ತನ್ನ ಹೆಣ ಕೊಳೆಯಬಾರದೆಂದು ಅದನ್ನು ರಾಕೆಟ್ಟಿನಲ್ಲಿಟ್ಟು ಭೂಮಿಯ ಸುತ್ತ ತಿರುಗಲು ಬಿಡಿಸಿರುತ್ತಾನೆ. ನಾಲ್ಕು ಕೋಟಿ ವರ್ಷಗಳಾದ ಮೇಲೆ ಆ ದಾರಿಯಾಗಿ ಬಂದ ಲೋಹದ ಮೈಯ ಅನ್ಯಲೋಕದವರು ಅವನನ್ನು ಕಂಡು, ಮಿದುಳನ್ನು ತೆಗೆದು ತಮ್ಮಂಥದೇ ಯಂತ್ರದೇಹದಲ್ಲಿ ಕೂರಿಸಿ ಎಬ್ಬಿಸುತ್ತಾರೆ. ಯಾಕೆ? ಕುತೂಹಲ, ಅಷ್ಟೇ. ಈ ಕಥೆಯನ್ನು ಓದಿದ ಹನ್ನೆರಡರ ಹುಡುಗನೊಬ್ಬ, ಅನ್ಯಲೋಕದವರಿಗಾಗಿ ಅಷ್ಟು ಕಾಲ ಕಾಯುವುದೇಕೆ, ನಮ್ಮವರೇ ಎಬ್ಬಿಸುವಂತಾದರೆ ಆಗದೇ ಎಂದುಕೊಂಡ. ಅವನೇ ರಾಬರ್ಟ್ ಎಟಿಂಜರ್. ಮುಂದೆ ಮಿಷಿಗನ್ನಿನಲ್ಲಿ ಭೌತವಿಜ್ಞಾನ ಪಾಠ ಮಾಡುತ್ತ 1962ರಲ್ಲಿ ಸ್ವಂತ ಖರ್ಚಿನಲ್ಲಿ ‘ದ ಪ್ರಾಸ್ಪೆಕ್ಟ್ ಆಫ್ ಇಮ್ಮಾರ್ಟಾಲಿಟಿ’ ಪುಸ್ತಕ ಹೊರತಂದ. 1964ರಲ್ಲಿ ದೊಡ್ಡ ಪ್ರಕಾಶಕರು ಅದನ್ನು ಮರಳಿ ಪ್ರಕಟಿಸಿದ ಮೇಲೆ ಈ ಚಳವಳಿ ಹಬ್ಬಿತು. ಎಬ್ಬಿಸುವವರು ಅಪರಿಚಿತರಲ್ಲ, ನಮ್ಮವರು ಎಂಬ ಆ ಹುಡುಗನ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳಿ. ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ಕುತೂಹಲವನ್ನೇ ತೂಗಿ ನೋಡೋಣ. 1773ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫ್ರೆಂಚ್ ಗೆಳೆಯನೊಬ್ಬನಿಗೆ ಒಂದು ಕಾಗದ ಬರೆದ. ಮದೀರಾ ದ್ರಾಕ್ಷಾರಸದ ಸೀಸೆಯಲ್ಲಿ ಬಿದ್ದು ಸತ್ತಂತಿದ್ದ ನೊಣಗಳು ಬಿಸಿಲಿಗಿಟ್ಟಾಗ ಎದ್ದವಂತೆ. ತನ್ನನ್ನೂ ಕೆಲವು ಗೆಳೆಯರ ಸಮೇತ ಮದೀರಾ ಪೀಪಾಯಿಯಲ್ಲಿ ಮುಳುಗಿಸಿಟ್ಟು, ನೂರು ವರ್ಷದ ಮೇಲೆ ಅಮೆರಿಕದ ಬಿಸಿಲಿಗೆ ಎಬ್ಬಿಸುವಂತಿದ್ದರೆ ದೇಶ ಏನಾಗಿದೆಯೆಂದು ನೋಡಬಹುದಿತ್ತು ಎಂದು ಅವನ ಆಸೆ. ಇವತ್ತು ಫ್ರಾಂಕ್ಲಿನ್ ಪೀಪಾಯಿಯಲ್ಲಿ ಸಿಕ್ಕಿದರೆ ಎಬ್ಬಿಸಲು ಪೈಪೋಟಿ ಬೀಳುತ್ತದೆ, ಅನುಮಾನವೇ ಇಲ್ಲ. ಅವನ ಗೆಳೆಯರನ್ನೂ ಎಬ್ಬಿಸಿಯಾರು. ಆದರೆ ಅಂಥ ಪೀಪಾಯಿಗಳು ಸಾವಿರ ಸಿಕ್ಕಿದರೆ? ಮೊದಲ ಹತ್ತು ಜನ ತಮ್ಮ ಕಾಲದ ಮಾತು, ಊಟ, ಬೈಗುಳ ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ. ಹನ್ನೊಂದನೆಯವನಿಗೆ ಕೇಳುವವರು ಕಡಿಮೆ. ಮೇಲಾಗಿ ನಮ್ಮ ಕಾಲದವರು ಫೋಟೊ, ವಿಡಿಯೊ, ಕಾಗದಪತ್ರ, ಲೆಕ್ಕ ಎಲ್ಲವನ್ನೂ ಗುಡ್ಡೆ ಹಾಕಿ ಹೋಗುತ್ತಿದ್ದೇವೆ. ಸಾಕ್ಷಿ ಹೇಳಲು ನಮ್ಮನ್ನು ಕರೆಯುವ ಅಗತ್ಯ ಫ್ರಾಂಕ್ಲಿನ್ನನಷ್ಟು ಇಲ್ಲ.

ಕುತೂಹಲದ ವಾದಕ್ಕೆ ಇದಕ್ಕಿಂತ ದೊಡ್ಡ ತೂತೊಂದಿದೆ. ಕುತೂಹಲಕ್ಕೆ ಬೇಕಾದದ್ದು ಮಾಹಿತಿ, ಮನುಷ್ಯನೇ ಬೇಕೆಂದಿಲ್ಲ. ಹಿಂದಿನವರಿಗೆ ಆ ಮಾಹಿತಿ ಪಡೆಯಲು ಮನುಷ್ಯನನ್ನು ಮಾತಾಡಿಸದೆ ದಾರಿಯಿರಲಿಲ್ಲ. ಮುಂದಿನವರಿಗೆ ಆ ಕಷ್ಟವಿಲ್ಲ. 2024ರಲ್ಲಿ ವಿಜ್ಞಾನಿಗಳು ಹಣ್ಣಿನ ನೊಣವೊಂದರ ಇಡೀ ಮಿದುಳಿನ ನಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಸುಮಾರು 1 ಲಕ್ಷ 39 ಸಾವಿರ ನರಕೋಶಗಳಿವೆ, ಅವುಗಳ ನಡುವೆ 5 ಕೋಟಿಗೂ ಮೀರಿದ ಕೂಡುಗಳಿವೆ. ಆ ನಕ್ಷೆಗಾಗಿ ಒಂದು ಹೆಣ್ಣು ನೊಣದ ಮಿದುಳನ್ನು ಏಳು ಸಾವಿರದಷ್ಟು ತೆಳು ಪದರಗಳಾಗಿ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದರು. ಜಗತ್ತಿನಲ್ಲಿ ಇಷ್ಟು ಕುತೂಹಲದಿಂದ ನೋಡಿಸಿಕೊಂಡ ನೊಣ ಇನ್ನೊಂದಿಲ್ಲ. ಅದನ್ನು ಎಬ್ಬಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವುದರಿಂದ ಅಲ್ಲಿಗೆ ದಾರಿ ಬಹಳ ದೂರ. ಆದರೂ ನೀವು ಹೇಳುವ ಸಾವಿರ ಪಾಲು ಬುದ್ಧಿವಂತರಿಗೆ ಅದು ದೂರವಲ್ಲ. 2018ರಲ್ಲಿ ಹಂದಿಯ ಇಡೀ ಮಿದುಳನ್ನು ನರಗಳ ಕೂಡುಗಳ ಸಮೇತ ಕಾಪಿಡುವ ವಿಧಾನವೊಂದು ಬಹುಮಾನ ಗಳಿಸಿತು. ಅದರಲ್ಲಿ ಮೊದಲೇ ರಾಸಾಯನಿಕದಿಂದ ಮಿದುಳನ್ನು ಬಿಗಿದುಬಿಡುವುದರಿಂದ ಆ ಮಿದುಳಿಗೆ ಮತ್ತೆ ಜೀವ ಬರುವ ಮಾತೇ ಇಲ್ಲ. ಇರುವುದು ಓದಿಸಿಕೊಳ್ಳುವ ಆಸೆ ಮಾತ್ರ.

ಹಾಗಾಗಿ ಜನ ಸಾಮಾನ್ಯವಾಗಿ ಅಂದುಕೊಳ್ಳುವುದಕ್ಕೆ ತದ್ವಿರುದ್ಧವಾದ ಫಲ ಬರುತ್ತದೆ. ಮುಂದಿನವರು ಎಷ್ಟು ಮುಂದುವರಿದಿರುತ್ತಾರೋ, ಕುತೂಹಲಕ್ಕಾಗಿ ನಮ್ಮನ್ನು ಎಬ್ಬಿಸುವ ಅಗತ್ಯ ಅವರಿಗೆ ಅಷ್ಟು ಕಡಿಮೆ. ಈಜಿಪ್ಟಿನ ನೆಸ್ಯಾಮುನ್ ಎಂಬ ಪೂಜಾರಿಯ ಮಮ್ಮಿ ಇಂಗ್ಲೆಂಡಿನ ಲೀಡ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಮೂರು ಸಾವಿರ ವರ್ಷಗಳ ಹಿಂದೆ ಕಾರ್ನಾಕ್ ದೇಗುಲದಲ್ಲಿ ಮಂತ್ರ ಹೇಳುತ್ತಿದ್ದವನು. ಸತ್ತ ಮೇಲೂ ತನ್ನ ದನಿ ಕೇಳಬೇಕೆಂಬುದು ಅವನ ನಂಬಿಕೆಯ ಭಾಗವಾಗಿತ್ತು. 2020ರಲ್ಲಿ ಸಂಶೋಧಕರು ಅವನ ಗಂಟಲಿನ ಸ್ಕ್ಯಾನ್ ತೆಗೆದು, ಅದರ ಅಚ್ಚನ್ನು 3ಡಿ ಪ್ರಿಂಟರಿನಲ್ಲಿ ಮಾಡಿ, ಗಾಳಿಯ ಬದಲು ಕೃತಕ ದನಿ ಹಾಯಿಸಿದರು. ಒಂದೇ ಒಂದು ಸ್ವರ ಹೊರಟಿತು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಪೂಜಾರಿ ಮಲಗಿದಲ್ಲೇ ಮಲಗಿದ್ದಾನೆ. ಕುತೂಹಲ ಎಷ್ಟು ದೂರ ನಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಈಜಿಪ್ಟಿನ ಉಳಿದ ಮಮ್ಮಿಗಳ ಗತಿ ನೋಡಿದರೆ ನೆಸ್ಯಾಮುನ್ ಪುಣ್ಯವಂತ. ಮತ್ತೊಂದು ಬಾಳಿಗಾಗಿ ದೇಹ ಕೆಡದಂತೆ ಕಾಪಿಡಿಸಿಕೊಂಡ ಆ ಜನರನ್ನು ಯುರೋಪಿನವರು ಶತಮಾನಗಳ ಕಾಲ ಕುಟ್ಟಿ ಪುಡಿಮಾಡಿ ಔಷಧವೆಂದು ನುಂಗಿದರು. ಚಿತ್ರಕಾರರು ಆ ಪುಡಿಯಿಂದ ಕಂದು ಬಣ್ಣ ಮಾಡಿಕೊಂಡರು. ಕಾಪಿಟ್ಟವರಿಗಿಂತ ಯಂತ್ರವಿದ್ಯೆಯಲ್ಲಿ ಮುಂದಿದ್ದವರು ಮಾಡಿದ ಕೆಲಸ ಇದು. ಬುದ್ಧಿ ಬೆಳೆದ ಹಾಗೆ ಸೌಜನ್ಯ ತಾನಾಗಿ ಬೆಳೆಯುತ್ತದೆ ಎಂದು ನಂಬುವವರು ಈ ಬಣ್ಣವನ್ನೊಮ್ಮೆ ನೆನೆಯಬೇಕು. ಹಾಗೆಂದು ಎಲ್ಲ ಕಾಲವೂ ಒಂದೇ ಅಲ್ಲ. 1976ರಲ್ಲಿ ರಾಮ್ಸೆಸ್ ದೊರೆಯ ಮಮ್ಮಿಗೆ ಬೂಸ್ಟು ಹತ್ತಿದಾಗ ಪ್ಯಾರಿಸ್ಸಿಗೆ ಒಯ್ದು, ಗೌರವದಿಂದ ಬರಮಾಡಿಕೊಂಡು ಚಿಕಿತ್ಸೆ ಮಾಡಿದರು. 2021ರಲ್ಲಿ ಕೈರೋದ ಬೀದಿಯಲ್ಲಿ 22 ರಾಜರಾಣಿಯರ ಮಮ್ಮಿಗಳು ಮೆರವಣಿಗೆ ಹೋದವು. ದೇಹ ಅದೇ, ನೋಡುವವರ ಕಣ್ಣು ಬದಲಾಯಿತು. ನಡುವಿನ ಕಾಲದಲ್ಲಿ ಯಾರ ಕೈಗೆ ಸಿಕ್ಕಿದಿರಿ ಎಂಬುದೇ ನಿಮ್ಮ ಹಣೆಬರಹ.

ಬದುಕಿದ್ದವರ ಕಥೆಯೂ ಇದಕ್ಕಿಂತ ಬೇರೆಯಲ್ಲ. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಊರಿಗೆ, ಬಿಳಿಯರ ದಾಳಿಯಲ್ಲಿ ತನ್ನ ಯಾಹಿ ಜನರೆಲ್ಲ ನಾಶವಾಗಿ ಒಬ್ಬನೇ ಉಳಿದಿದ್ದ ಗಂಡಸೊಬ್ಬ ಕಾಡಿನಿಂದ ಇಳಿದು ಬಂದ. ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು ಅವನನ್ನು ಇಶಿ ಎಂದು ಕರೆದರು, ಸ್ಯಾನ್ ಫ್ರಾನ್ಸಿಸ್ಕೋದ ತಮ್ಮ ವಸ್ತುಸಂಗ್ರಹಾಲಯದಲ್ಲೇ ಇರಿಸಿಕೊಂಡರು, ಸಂಬಳ ಕೊಟ್ಟು ಸಣ್ಣಪುಟ್ಟ ಕೆಲಸ ಮಾಡಿಸಿದರು. ಬಂದ ಜನರೆದುರು ಅವನು ಕಲ್ಲಿನಿಂದ ಬಾಣದ ಮೊನೆ ಕೆತ್ತಿ ತೋರಿಸುತ್ತಿದ್ದ. ಅವರು ಕೆಟ್ಟವರಲ್ಲ, ಹಲವರು ಅವನನ್ನು ನಿಜವಾಗಿಯೂ ಹಚ್ಚಿಕೊಂಡಿದ್ದರು. ಆದರೂ 1916ರಲ್ಲಿ ಅವನು ಕ್ಷಯದಿಂದ ಸತ್ತಾಗ, ಆಪ್ತ ಗೆಳೆಯನಾಗಿದ್ದ ಮಾನವಶಾಸ್ತ್ರಜ್ಞನೇ ಬೇಡವೆಂದು ಕಾಗದ ಬರೆದಿದ್ದರೂ ಕೊಯ್ದು ಮಿದುಳು ತೆಗೆದರು. ಮರುವರ್ಷ ಅದೇ ಗೆಳೆಯ ಅದನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿಕೊಟ್ಟ. ಅದು ಮೂಲನಿವಾಸಿಗಳ ಕೈಗೆ ಮರಳಿದ್ದು 2000ದಲ್ಲಿ. ಪ್ರೀತಿ, ಕುತೂಹಲ ಎರಡೂ ಇದ್ದ ಕಡೆಯೇ ಹೀಗಾಯಿತು.

ನಮ್ಮ ಪುರಾಣಕ್ಕೆ ಇದು ಮೊದಲೇ ಗೊತ್ತಿತ್ತು. ಗುಹೆಯಲ್ಲಿ ಯುಗಗಟ್ಟಲೆ ಮಲಗಿದ್ದ ಮುಚುಕುಂದನನ್ನು ಎಬ್ಬಿಸಿದ್ದು ಯಾರ ಮಮತೆಯೂ ಅಲ್ಲ. ಕೃಷ್ಣನನ್ನು ಅಟ್ಟಿಸಿಕೊಂಡು ಬಂದ ಕಾಲಯವನ ಅವನನ್ನೇ ಕೃಷ್ಣನೆಂದು ತಿಳಿದು ಒದ್ದ. ಒದೆಯುವಂತೆ ಅವನನ್ನು ಗುಹೆಗೆ ಕರೆತಂದವನು ಕೃಷ್ಣ. ಎದ್ದವನ ಕಣ್ಣಿನ ಬೆಂಕಿಗೆ ಯವನ ಬೂದಿಯಾದ. ಎಬ್ಬಿಸಿದವರ ಕೆಲಸ ಮುಗಿಯಿತು. ಮುಚುಕುಂದ ಹೊರಗೆ ಬಂದರೆ ಜನ, ಮರ ಎಲ್ಲವೂ ಗಿಡ್ಡವಾಗಿವೆ, ಕಾಲವೇ ತನ್ನದಲ್ಲ. ತಪಸ್ಸಿಗೆಂದು ಬದರಿಯ ದಾರಿ ಹಿಡಿದ. ಮಲಗಿದವನು ತನ್ನ ಆಸೆ ಹೊತ್ತು ಮಲಗಿರುತ್ತಾನೆ. ಎಬ್ಬಿಸುವವನು ತನ್ನ ಕೆಲಸಕ್ಕೆ ಎಬ್ಬಿಸುತ್ತಾನೆ. ಈ ಭಯ ಅಮೆರಿಕದವರಿಗೂ ಇಲ್ಲದಿಲ್ಲ. 1973ರಲ್ಲೇ ಲ್ಯಾರಿ ನಿವೆನ್ ಎಂಬ ಕಥೆಗಾರ, ಶೈತ್ಯದಲ್ಲಿರುವವರ ಹಕ್ಕನ್ನು ಕಾನೂನಿನಿಂದ ಕಿತ್ತು ಅವರ ಅಂಗಾಂಗಗಳನ್ನು ಬದುಕಿರುವವರಿಗೆ ಹಂಚುವ ಕಾಲವನ್ನು ಕಲ್ಪಿಸಿ ಬರೆದ. ಕಲ್ಪನೆ ತೀರಾ ದೂರದ್ದಲ್ಲ. ಇಂದು ಅಮೆರಿಕದ ಕಾನೂನಿನ ಕಣ್ಣಿಗೆ ಇವರು ರೋಗಿಗಳಲ್ಲ, ವಿಜ್ಞಾನಕ್ಕೆ ದಾನವಾಗಿ ಬಂದ ದೇಹಗಳು.

ಹಾಗಾದರೆ ಮುಂದಿನವರು ಬುದ್ಧಿವಂತರಷ್ಟೇ ಅಲ್ಲ, ಒಳ್ಳೆಯವರೂ ಆಗಿದ್ದಾರೆ ಎಂದುಕೊಳ್ಳೋಣ. ಒಳ್ಳೆಯತನವೂ ಸಲೀಸಾಗಿ ‘ಎಬ್ಬಿಸು’ ಎನ್ನುವುದಿಲ್ಲ. 2016ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಹದಿನಾಲ್ಕರ ಹುಡುಗಿಯೊಬ್ಬಳ ಅರ್ಜಿ ಬಂತು. ಕ್ಯಾನ್ಸರಿನಿಂದ ಸಾಯುತ್ತಿದ್ದ ಅವಳಿಗೆ ಮಣ್ಣಾಗುವುದು ಬೇಡ, ಮುಂದೆಂದೋ ಎದ್ದು ಬಾಳಬೇಕು. ತಾಯಿ ಒಪ್ಪಿದ್ದರು, ಬೇರೆಯಾಗಿದ್ದ ತಂದೆ ಹಿಂದೇಟು ಹಾಕಿದರು. ಇನ್ನೂರು ವರ್ಷದ ಮೇಲೆ ಎದ್ದಳೆಂದೇ ಇಟ್ಟುಕೊಳ್ಳಿ. ಬಂಧುಗಳಿಲ್ಲ, ನೆನಪು ಉಳಿದಿದೆಯೋ ಇಲ್ಲವೋ, ಹದಿನಾಲ್ಕೇ ವರ್ಷ, ಅಮೆರಿಕದಲ್ಲಿ ಒಬ್ಬಂಟಿ ಎಂಬುದು ಆ ತಂದೆಯ ಸಂಕಟ. ನ್ಯಾಯಾಧೀಶ ಪೀಟರ್ ಜಾಕ್ಸನ್ ನಿರ್ಧಾರವನ್ನು ತಾಯಿಯ ಕೈಗೆ ಬಿಟ್ಟರು. ಹುಡುಗಿಯ ದೇಹ ಅಮೆರಿಕಕ್ಕೆ ಹೋಯಿತು. ಅಂದು ತಂದೆ ಕೇಳಿದ ಪ್ರಶ್ನೆಯನ್ನು ಮುಂದಿನ ಕರುಣಾಳುಗಳೂ ಕೇಳಿಕೊಳ್ಳುತ್ತಾರೆ. ಎಬ್ಬಿಸಿ ಬಿಟ್ಟುಬಿಡುವುದಲ್ಲ, ಮಾತು ಕಲಿಸಬೇಕು, ಮನೆ ಕೊಡಬೇಕು, ಜೊತೆಗಾರರು ಬೇಕು. ಇದಕ್ಕೆ ನನ್ನ ಉತ್ತರ ಹುಡುಗಿಯ ಪರವಾಗಿದೆ. ಅವಳು ತಿಳಿದು ಕೇಳಿದ್ದಳು. ಇಷ್ಟಪಟ್ಟು ಒಪ್ಪಿಗೆ ಬರೆದಿಟ್ಟವರನ್ನು ‘ನಿನಗೆ ಕಷ್ಟವಾದೀತು’ ಎಂದು ಎಬ್ಬಿಸದೆ ಬಿಡುವುದು ಕರುಣೆಯಲ್ಲ, ದೊಡ್ಡಸ್ತಿಕೆ.

‘ಅವರಿಗೆ ದರ್ದೇನು?’ ಎಂದು ನೀವು ಕೇಳುವಾಗ ಇಡೀ ಮುಂದಿನ ಲೋಕ ಒಂದೆಡೆ ಸೇರಿ ಕೈ ಎತ್ತಿ ಮತ ಹಾಕುತ್ತದೆ ಎಂಬ ಚಿತ್ರ ನಿಮ್ಮ ಮನಸ್ಸಿನಲ್ಲಿದೆ. ಅಷ್ಟೆಲ್ಲ ಬೇಕಿಲ್ಲ. ಬೇಡ ಎಂದು ತಡೆಯುವವರು ಇಲ್ಲದಿದ್ದರೆ, ಬೇಕು ಎನ್ನುವ ಒಬ್ಬರು ಸಾಕು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಹರ್ಕ್ಯುಲೇನಿಯಂ ಊರಿನ ಗ್ರಂಥಾಲಯವೊಂದು ಸುಟ್ಟು ಕರಿಯಾಯಿತು. ಸುರುಳಿಗಳು ಇದ್ದಿಲ ತುಂಡುಗಳಂತೆ 1750ರ ದಶಕದಲ್ಲಿ ಸಿಕ್ಕವು. 2023ರಲ್ಲಿ ಕೆಲವರು ಅವನ್ನು ಓದಿದವರಿಗೆಂದು ಬಹುಮಾನ ಕಟ್ಟಿದರು. ಎಳೆಯ ಕಂಪ್ಯೂಟರ್ ವಿದ್ಯಾರ್ಥಿಗಳು ಎಕ್ಸ್-ರೇ ಸ್ಕ್ಯಾನ್ ಮತ್ತು ಕೃತಕ ಬುದ್ಧಿಮತ್ತೆಯ ಸಹಾಯದಿಂದ ಸುರುಳಿಯನ್ನು ಬಿಚ್ಚದೆಯೇ ಓದಿದರು. 2024ರ ಫೆಬ್ರುವರಿಯಲ್ಲಿ ಮೂವರ ತಂಡ 7 ಲಕ್ಷ ಡಾಲರ್ ಗೆದ್ದಿತು. ಜಗತ್ತಿನ 800 ಕೋಟಿ ಜನರಲ್ಲಿ ಆ ಸುರುಳಿಯ ಗೊಡವೆ ಬೇಕಾಗಿದ್ದವರು ಎಷ್ಟು ಮಂದಿ? ಬೆರಳೆಣಿಕೆಯವರೇ ಸಾಕಾದರು. ಆದರೆ ಇದೇ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಅಷ್ಟೇ ಆಸಕ್ತಿಯಿಂದ ಆ ಸುರುಳಿಗಳನ್ನು ಕೊಯ್ದು, ಬಿಚ್ಚಿ, ಎಷ್ಟನ್ನೋ ಪುಡಿಮಾಡಿದರು. ಬೇಕೆನ್ನುವವನು ಸರಿಯಾದ ಕಾಲದವನೂ ಆಗಿರಬೇಕು. ಅಲ್ಲಿಯವರೆಗೆ ಮುಟ್ಟದೆ ಕಾಯುವವರೂ ಬೇಕು.

ಕಾಯುವವರ ಮಾತು ಬಂತಲ್ಲ, ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಮಮ್ಮಿ ಒಣಮರಳಿನಲ್ಲಿ ಯಾರ ಹಂಗಿಲ್ಲದೆ ಮೂರು ಸಾವಿರ ವರ್ಷ ಬಿದ್ದಿರಬಲ್ಲದು. ಜೋನ್ಸ್ ಕಥೆಯ ಪ್ರೊಫೆಸರ್ ಆಕಾಶದಲ್ಲಿ ನಾಲ್ಕು ಕೋಟಿ ವರ್ಷ ತಾನಾಗಿ ಸುತ್ತಬಲ್ಲ. ಸ್ಕಾಟ್ಸ್‌ಡೇಲ್‌ನ ಉಕ್ಕಿನ ಪಾತ್ರೆಯಲ್ಲಿರುವವನಿಗೆ ಆ ಸೌಲಭ್ಯವಿಲ್ಲ. ದ್ರವ ಸಾರಜನಕ ದಿನವೂ ಇಷ್ಟಿಷ್ಟು ಆವಿಯಾಗುತ್ತದೆ. ಅದನ್ನು ಯಾರೋ ಮತ್ತೆ ತುಂಬಬೇಕು. ಕೆಲವು ತಿಂಗಳು ತುಂಬದಿದ್ದರೆ ಕಥೆ ಮುಗಿಯಿತು. ಹಾಗಾಗಿ, ದಾರಿಹೋಕರಂತೆ ಬಂದ ಮಹಾಬುದ್ಧಿವಂತರು ಪಾಳು ಕಟ್ಟಡವೊಂದರಲ್ಲಿ ಶೈತ್ಯದಲ್ಲಿರುವ ಮನುಷ್ಯನನ್ನು ಕಂಡು, ‘ಇವನನ್ನು ಎಬ್ಬಿಸೋಣವೇ?’ ಎಂದು ಗಲ್ಲ ಕೆರೆದುಕೊಳ್ಳುವ ದೃಶ್ಯ ಈ ಭೂಮಿಯ ಮೇಲೆ ನಡೆಯಲಾರದು. ದೇಹ ಅವರ ಕಣ್ಣೆದುರು ಇದೆ ಎಂದರೆ, ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಅದನ್ನು ಕೈಬಿಡದೆ ನೋಡಿಕೊಂಡಿದ್ದಾರೆ ಎಂದರ್ಥ.

ಕೈಬಿಟ್ಟರೆ ಏನಾಗುತ್ತದೆ, ಬಿಡದಿದ್ದರೆ ಏನಾಗುತ್ತದೆ ಎರಡೂ ಈಗಾಗಲೇ ನಡೆದಿವೆ. ಮೊಟ್ಟಮೊದಲು ಶೈತ್ಯಕ್ಕೆ ಹೋದವರು ಜೇಮ್ಸ್ ಬೆಡ್‌ಫರ್ಡ್ ಎಂಬ ಮನಶ್ಶಾಸ್ತ್ರದ ನಿವೃತ್ತ ಪ್ರೊಫೆಸರ್. 1967ರ ಜನವರಿ 12ರಂದು, ಕ್ಯಾಲಿಫೋರ್ನಿಯದಲ್ಲಿ. ಆ ಕೆಲಸ ಮಾಡಿದ ತಂಡದ ಮುಂದಾಳು ರಾಬರ್ಟ್ ನೆಲ್ಸನ್ ಮುಂದೆ ಇನ್ನಷ್ಟು ದೇಹಗಳನ್ನು ಚಾಟ್ಸ್‌ವರ್ತ್ ಎಂಬಲ್ಲಿ ಸ್ಮಶಾನದ ನೆಲಮಾಳಿಗೆಯಲ್ಲಿಟ್ಟ. ಬಂಧುಗಳು ಕಂತು ಕಟ್ಟುವುದನ್ನು ನಿಲ್ಲಿಸಿದರು, ದುಡ್ಡು ಮುಗಿಯಿತು, ಸಾರಜನಕ ಆವಿಯಾಯಿತು. ಒಂಬತ್ತು ದೇಹಗಳು ಕರಗಿ ಕೊಳೆತಿದ್ದ ಸಂಗತಿ 1979ರಲ್ಲಿ ಬಯಲಾಗಿ ಕೋರ್ಟಿಗೆ ಹೋಯಿತು. ಅದೇ ಕಾಲದಲ್ಲಿ ಬೆಡ್‌ಫರ್ಡ್ ಕುಟುಂಬ ಏನು ಮಾಡುತ್ತಿತ್ತು? ಹೆಂಡತಿ, ಮಗ ಸೇರಿ ಉಳಿದ ಬಂಧುಗಳ ಮೊಕದ್ದಮೆ ಎದುರಿಸುತ್ತ, ದೇಹವನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುತ್ತ, ಕೆಲವು ವರ್ಷ ತಾವೇ ಇಟ್ಟುಕೊಂಡು ಸಾರಜನಕ ತುಂಬುತ್ತ ಬಂದರು. 1982ರಲ್ಲಿ ಅದು ಆಲ್ಕೋರ್ ಸೇರಿತು. 1991ರಲ್ಲಿ ಹೊಸ ಪಾತ್ರೆಗೆ ವರ್ಗಾಯಿಸುವಾಗ ತೆರೆದು ನೋಡಿದರೆ, ಮೊದಲ ದಿನ ಸುತ್ತಲೂ ಇಟ್ಟಿದ್ದ ಮಂಜುಗಡ್ಡೆಯ ತುಂಡುಗಳು ಆಕಾರ ಕೆಡದೆ ಹಾಗೇ ಇದ್ದವು. ಎರಡೂ ಕಡೆ ತಂತ್ರಜ್ಞಾನ ಒಂದೇ, ಕಾಲವೂ ಒಂದೇ. ಉಳಿಸಿದ್ದು ಮನೆಯವರ ಹಟ.

ಇಲ್ಲಿ ಎಟಿಂಜರ್‌ನ ತಿದ್ದುಪಡಿಗೆ ಮರಳಬೇಕು. ಈ ವಲಯದವರು ಆಡುವ ಒಂದು ಮಾತಿದೆ: ಕೊನೆಗೆ ಬಂದವರು ಮೊದಲು ಏಳುತ್ತಾರೆ. ಬೆಡ್‌ಫರ್ಡ್‌ನನ್ನು ಇಟ್ಟ ವಿಧಾನ ಒರಟು, ಹಾನಿ ಹೆಚ್ಚು. ಅವನ ಸರದಿ ಕಟ್ಟಕಡೆಗೆ. ವಿದ್ಯೆ ಸಿದ್ಧಿಸಿದ ಹೊತ್ತಿಗೆ ಮೊದಲು ಏಳುವವನು ಹಿಂದಿನ ವಾರ, ಆಗ ಸಿಗುವ ಅತ್ಯುತ್ತಮ ವಿಧಾನದಲ್ಲಿ ಶೈತ್ಯಕ್ಕೆ ಹೋದವನು. ಅವನು ಯಾರಿಗೂ ಅಪರಿಚಿತನಲ್ಲ. ಹೆಂಡತಿ ಮಕ್ಕಳು ಆಸ್ಪತ್ರೆಯ ಮೊಗಸಾಲೆಯಲ್ಲೇ ಕೂತಿರುತ್ತಾರೆ. ಅವನನ್ನು ಎಬ್ಬಿಸುವುದಕ್ಕೆ ಮಹಾಜ್ಞಾನಿಗಳ ಕುತೂಹಲ ಬೇಕಿಲ್ಲ, ಬಂಧುಗಳ ಹಂಬಲವೇ ಸಾಕು. ಎದ್ದವನಿಗೆ ತನ್ನ ತಾಯಿ ಅಲ್ಲೇ ಪಕ್ಕದ ಪಾತ್ರೆಯಲ್ಲಿರುವುದು ಗೊತ್ತು. ತಾಯಿ ಎದ್ದರೆ ಅವಳ ಅಣ್ಣನ ಮಾತು ಬರುತ್ತದೆ. ಎಟಿಂಜರ್ ಸ್ವತಃ ಹೀಗೇ ಸರಪಳಿ ಕಟ್ಟಿಟ್ಟು ಹೋದ. 1977ರಲ್ಲಿ ತನ್ನ ಸಂಸ್ಥೆಯಾದ ಕ್ರಯಾನಿಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೊದಲು ಇರಿಸಿದ್ದು ತಾಯಿಯನ್ನು. ಆಮೇಲೆ ಇಬ್ಬರು ಹೆಂಡತಿಯರನ್ನು. 2011ರಲ್ಲಿ, 92ನೇ ವಯಸ್ಸಿನಲ್ಲಿ ಅವನೂ ಅಲ್ಲಿಗೇ ಸೇರಿದ. ಈ ದಾರಿಯಲ್ಲಿ ಯಾವ ಕೊಂಡಿಯೂ ಐನೂರು ವರ್ಷದ ಹಿಂದಿನವನನ್ನು ಪ್ರೀತಿಸಬೇಕಾಗಿಲ್ಲ. ತನ್ನ ಹಿಂದಿನ ಒಂದು ತಲೆಮಾರನ್ನು ಪ್ರೀತಿಸಿದರೆ ಆಯಿತು. ಋಣ ಎಂದು ನಾನು ಮೊದಲು ಹೇಳಿದ್ದು ಇದನ್ನೇ.

ಹಾಗಾದರೆ ಸರಪಳಿ ಉಳಿಯುತ್ತದೆಯೇ? ನನ್ನ ನಿಜವಾದ ಅನುಮಾನ ಇಲ್ಲಿದೆ. ನಮ್ಮ ಹಳೆಯ ಶಾಸನಗಳಲ್ಲಿ ದೇವರ ನಂದಾದೀಪಕ್ಕೆಂದು ಹೊಲ, ಗಾಣ, ಹೊನ್ನು ದತ್ತಿ ಬಿಟ್ಟು, ಚಂದ್ರಸೂರ್ಯರು ಇರುವತನಕ ಉರಿಯಲಿ ಎಂದು ಕೆತ್ತಿಸಿ, ತಪ್ಪಿಸಿದವರಿಗೆ ಶಾಪ ಹಾಕಿರುವುದನ್ನು ನೀವು ನೋಡಿರಬಹುದು. ದತ್ತಿ ಕೊಟ್ಟವರ ಮನಸ್ಸು ಗಟ್ಟಿಯಿತ್ತು, ಏರ್ಪಾಡೂ ಚೊಕ್ಕವಾಗಿತ್ತು. ರಾಜ್ಯ ಬದಲಾಯಿತು, ಹೊಲ ಯಾರದೋ ಆಯಿತು, ಎಣ್ಣೆ ಹೊಯ್ಯುವ ಮನೆತನ ಊರು ಬಿಟ್ಟಿತು. ಕಲ್ಲು ಉಳಿದಿದೆ, ದೀಪಗಳಲ್ಲಿ ಬಹುಪಾಲು ಆರಿ ಯಾವ ಕಾಲವೋ ಆಯಿತು. ಆಲ್ಕೋರ್ 1997ರಲ್ಲಿ ದೇಹಗಳ ಪಾಲನೆಗೆಂದೇ ಬೇರೆ ನಿಧಿ ಕಟ್ಟಿದ್ದು ಇಂಥದೇ ದತ್ತಿ. ಚಾಟ್ಸ್‌ವರ್ತ್‌ನಿಂದ ಪಾಠ ಕಲಿತು ಈಗ ಪೂರ್ತಿ ಹಣ ಮುಂಗಡವಾಗಿಯೇ ಪಡೆಯುತ್ತಾರೆ. ಜಗಳಗಳು ಮಾತ್ರ ನಿಂತಿಲ್ಲ. 2021ರಲ್ಲಿ ರಷ್ಯಾದ ಸಂಸ್ಥೆಯೊಂದರಲ್ಲಿ ಒಡೆತನದ ಕಿತ್ತಾಟ ನಡೆದು, ದೇಹಗಳಿದ್ದ ಪಾತ್ರೆಗಳನ್ನು ಒಂದು ಕಡೆಯವರು ಲಾರಿಗೆ ಹೇರಿ ಹೊರಟು, ಪೊಲೀಸರು ತಡೆಯಬೇಕಾಯಿತು. ಇನ್ನೂ ಒಂದು ತೊಡಕಿದೆ. ನಿಧಿ ದೇಹವನ್ನು ಕಾಯಬಲ್ಲದು, ಏಕೆಂದರೆ ಸಾರಜನಕ ತುಂಬುವುದಕ್ಕೆ ಸಂಬಳ ಸಾಕು. ಎಬ್ಬಿಸುವುದಕ್ಕೆ ಯಾರೋ ನಿರ್ಧಾರ ಮಾಡಬೇಕು, ಹಾನಿಯ ಹೊಣೆ ಹೊರಬೇಕು, ಎದ್ದವನನ್ನು ಮನೆಗೆ ಕರೆದೊಯ್ಯಬೇಕು. ಅದಕ್ಕೆ ಸಂಬಳದ ಮೇಲೆ ಇನ್ನೇನೋ ಬೇಕು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಇಡುತ್ತೇನೆ. ಸಾವಿರ ಪಾಲು ಬುದ್ಧಿವಂತರ ಮನಸ್ಸನ್ನು ಊಹಿಸುವ ಕಷ್ಟ ನಮಗೆ ಬೇಡ; ಆಗುವುದೂ ಇಲ್ಲ. ನಾಳೆ ಸಾರಜನಕ ತುಂಬುವವನು ಯಾರು, ಅವನ ಮುಂದಿನವನು ಯಾರು, ಅವರಿಬ್ಬರಿಗೂ ಕಾನೂನಿನ ಬೆಂಬಲ ಇದೆಯೇ ಎಂದು ಕೇಳಬೇಕು. ಸರಪಳಿ ಕಡಿಯದಿದ್ದರೆ ಎಬ್ಬಿಸುತ್ತಾರೆ, ಅವರು ಎಷ್ಟೇ ಮುಂದುವರಿದಿರಲಿ. ಇರುವುದು ಕೆಲವು ನೂರು ಮಂದಿ; ಆ ವಿದ್ಯೆ ಬಲ್ಲ ಲೋಕಕ್ಕೆ ಅದು ಹೊರೆಯೇ ಅಲ್ಲ. ಸರಪಳಿ ಕಡಿದರೆ, ಎಬ್ಬಿಸುವ ಪ್ರಶ್ನೆ ಏಳುವ ಮೊದಲೇ ದೇಹ ಇರುವುದಿಲ್ಲ. ಯಂತ್ರಗಳೇ ಲೋಕ ಆಳುವ ಕಾಲ ಬಂದರೂ ಲೆಕ್ಕ ಇದೇ. ನಮ್ಮಿಂದ ಅವುಗಳಿಗೆ ಸಂಬಂಧದ ನೂಲು ಹರಿಯದೆ ಸಾಗಿದ್ದರೆ ನಾವು ಅವುಗಳ ಹಿರಿಯರು. ಹರಿದಿದ್ದರೆ ಬರೀ ಮಾದರಿಗಳು, ಕೊಯ್ದು ನೋಡಿದ ಆ ನೊಣದ ಸಾಲಿಗೆ ಸೇರಿದವರು.

ಇನ್ನು, ನಾನು ಹೆಸರು ಕೊಡುತ್ತಿದ್ದೆನೇ? ಇಲ್ಲ. ಇದಕ್ಕೆ ಕಾರಣ ವೈರಾಗ್ಯವಲ್ಲ, ಭೂಗೋಳ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ದೇಹವನ್ನು ತಣ್ಣಗಾಗಿಸಲು ತೊಡಗಬೇಕು. ಅದಕ್ಕೆ ತರಬೇತಾದ ತಂಡ ಹಾಸಿಗೆಯ ಬಳಿಯೇ ಕಾದಿರಬೇಕು. ಇಲ್ಲಿಂದ ಅರಿಜೋನಕ್ಕೆ ಕಾಗದಪತ್ರ ಮುಗಿಸಿ ದೇಹ ತಲಪುವ ಹೊತ್ತಿಗೆ ಕಾಪಾಡುವಂಥದ್ದು ಮಿದುಳಿನಲ್ಲಿ ಎಷ್ಟು ಉಳಿದೀತು? ಎರಡನೆಯದಾಗಿ, ನನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಮೇಲೆ, ಅವರು ಕೇಳದ ಒಂದು ಹೊಣೆಯನ್ನು ಹೊರಿಸಿ ಹೋಗಲು ನನಗೆ ಮನಸ್ಸಿಲ್ಲ. ಹೆಸರು ಕೊಟ್ಟವರನ್ನು ಕಂಡು ನಗುವುದೂ ಇಲ್ಲ. ಬೆಡ್‌ಫರ್ಡ್‌ನ ಮಗನಂಥವನೊಬ್ಬ ಮನೆಯಲ್ಲಿದ್ದು, ಪಕ್ಕದ ಊರಿನಲ್ಲೇ ಸೌಲಭ್ಯವಿದ್ದು, ಅವನಾಗಿಯೇ ‘ನಾನು ನೋಡಿಕೊಳ್ಳುತ್ತೇನೆ’ ಎಂದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತೇನೋ. ನಿಮಗೆ ಅಂಥವರಿದ್ದರೆ ಅರ್ಜಿ ತುಂಬುವ ಮೊದಲು ಅವರೊಡನೆ ಮಾತಾಡಿ.